ಮಾಸ್ಕ್ ಕೊಟ್ಟರೆ ಸಾಲದು, ಹಾಕಿಸಿ ನೋಡಬೇಕು

ಬೆಳಗಿನ ಜಾವ ಮೂರೂವರೆಗೆ ಫೋನ್ ಬಂತು. ಯುದ್ಧದ ಅಭ್ಯಾಸ ಶುರುವಾಗಿದೆ, ಕೌಂಟರ್ ತೆಗೀಬೇಕು ಅಂದರು. ನಾನು ಆಗ ದಕ್ಷಿಣ ಕೊರಿಯಾದಲ್ಲಿದ್ದೆ. ಹಾಸನದಲ್ಲಿ ಹುಟ್ಟಿ, ಹೈಸ್ಕೂಲು ಮುಗಿಯುವ ಹೊತ್ತಿಗೆ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋಗಿ, ಮುಂದೆ ಅಲ್ಲಿನ ವಾಯುಪಡೆ ಸೇರಿದವಳು ನಾನು. ಸಪ್ಲೈ ವಿಭಾಗದ ಕೆಲಸ. ವಿಷದ ಗಾಳಿಯಿಂದ ಕಾಪಾಡುವ ಉಡುಪು, ಮಾಸ್ಕ್, ಕೈಗವಸುಗಳನ್ನು ಪ್ರತಿಯೊಬ್ಬರಿಗೂ ಅಳತೆ ನೋಡಿ ಕೊಡೋದು.

ಕೊರಿಯಾದಲ್ಲಿ ಇದು ಸುಮ್ನೆ ಶಾಸ್ತ್ರಕ್ಕೆ ಮಾಡುವ ಕೆಲಸ ಅಲ್ಲ. ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಉತ್ತರ ಕೊರಿಯಾ ಸೇರಿಲ್ಲ. 2017ರಲ್ಲಿ ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್‌ನ ಮಲ ಅಣ್ಣ ಕಿಮ್ ಜಾಂಗ್ ನಾಮ್ ಸತ್ತಿದ್ದು ಮುಖಕ್ಕೆ ಸವರಿದ ವಿಎಕ್ಸ್ ಎಂಬ ವಿಷದಿಂದ. ಕೌಂಟರಿನ ಆಚೆ ನಿಂತವರಿಗೆ ಚೀಲ ಕೊಡುವಾಗ ಇದು ನನ್ನ ತಲೆಯಲ್ಲಿ ಇದ್ದೇ ಇರುತ್ತಿತ್ತು.

ಅಭ್ಯಾಸಕ್ಕೆ ಕೊಡುವುದು ತರಬೇತಿಯ ಸೆಟ್. ಅಸಲಿ ಉಡುಪು ಗಾಳಿ ತೆಗೆದು ಸೀಲ್ ಮಾಡಿದ ಕವರಿನಲ್ಲಿ ಹಾಗೇ ಇರಬೇಕು. ಅದರ ಒಳಪದರದಲ್ಲಿ ಇದ್ದಿಲಿನ ಸಣ್ಣ ಸಣ್ಣ ಮಣಿಗಳಿರುತ್ತವೆ, ವಿಷವನ್ನು ಹಿಡಿದಿಡೋದು ಅವೇ. ಕವರ್ ಒಡೆದ ಮೇಲೆ 120 ದಿನದೊಳಗೆ 45 ದಿನ ತೊಡಬಹುದು, ಆರು ಸಲ ಒಗೆಯಬಹುದು, ಅಷ್ಟೇ. ಅದಕ್ಕೇ ಕೊಡುವಾಗ ಎರಡೂ ರಾಶಿ ಬೆರೆಯದ ಹಾಗೆ ನೋಡಿಕೊಳ್ಳಬೇಕು. ನಾನು ಅವನ್ನು ಎರಡು ಬೇರೆ ಕೋಣೆಗಳಲ್ಲೇ ಇಡಿಸುತ್ತಿದ್ದೆ.

ಆ ದಿನ ಬಾಗಿಲಾಚೆ ಮುನ್ನೂರು ಜನರ ಸಾಲು. ಕೊರೆಯುವ ಚಳಿ. ಪಟ್ಟಿಯಲ್ಲಿದ್ದ ಸೈಜ್ ಓದಿ, ಚೀಲ ಎತ್ತಿಕೊಟ್ಟು, ಸಹಿ ಹಾಕಿಸಿಕೊಂಡು ಮುಂದಕ್ಕೆ ಕಳಿಸುತ್ತಿದ್ದೆವು. ಸಾಲು ಬೇಗ ಕರಗಿತು. ನನಗೆ ಸಮಾಧಾನವಾಯಿತು.

ಎರಡು ಗಂಟೆ ಕಳೆದ ಮೇಲೆ ಇಪ್ಪತ್ತರ ಒಬ್ಬಳು ಹುಡುಗಿ ಮಾಸ್ಕ್ ಕೈಯಲ್ಲಿ ಹಿಡಿದುಕೊಂಡು ವಾಪಸ್ ಬಂದಳು. ಅಭ್ಯಾಸದ ಮೊದಲ ಸೈರನ್ ಆಗಿತ್ತು. ಸೈರನ್ ಆದ 9 ಸೆಕೆಂಡಿನಲ್ಲಿ ಮಾಸ್ಕ್ ಹಾಕಿ, ಒಳಗಿನ ಗಾಳಿ ಹೊರಗೆ ಊದಿ, ಸೋರುತ್ತಿಲ್ಲ ಅಂತ ನೋಡಿಕೊಳ್ಳಬೇಕು. 'ಸಾರ್ಜೆಂಟ್, ಇದು ನನ್ನ ಮುಖಕ್ಕೆ ಅಂಟೋದೇ ಇಲ್ಲ' ಅಂದಳು. ಹಾಕಿಕೋ ಅಂದೆ. ಎರಡು ಕಡೆಯ ಫಿಲ್ಟರ್ ಮೇಲೆ ನನ್ನ ಅಂಗೈ ಒತ್ತಿ, ಉಸಿರು ಎಳೆದುಕೋ ಅಂದೆ. ಸರಿಯಾಗಿ ಕೂತಿದ್ದರೆ ರಬ್ಬರ್ ಕೆನ್ನೆಗೆ ಹೀರಿಕೊಂಡು ಹಾಗೇ ನಿಲ್ಲಬೇಕು. ನಿಲ್ಲಲಿಲ್ಲ. ಗದ್ದದ ಪಕ್ಕದಿಂದ ಸುಯ್ ಅಂತ ಗಾಳಿ ಒಳಗೆ ಹೋಗೋದು ನನಗೇ ಕೇಳಿಸಿತು.

ಅದು ಮೀಡಿಯಂ. ಪಟ್ಟಿಯಲ್ಲೂ ಮೀಡಿಯಂ ಅಂತಲೇ ಇತ್ತು. ಆದರೆ ಆ ಅಳತೆ ತೆಗೆದಿದ್ದು ಒಂದು ವರ್ಷದ ಹಿಂದೆ, ಅಷ್ಟರಲ್ಲಿ ಅವಳು ತುಂಬಾ ಇಳಿದುಹೋಗಿದ್ದಳು. ಜೊತೆಗೆ ತುರುಬನ್ನು ಎತ್ತರಕ್ಕೆ ಕಟ್ಟಿದ್ದಳು. ತಲೆಯ ಹಿಂದೆ ಬಿಗಿಯುವ ಮಾಸ್ಕಿನ ಬೆಲ್ಟುಗಳು ಅದರ ಮೇಲೆ ಕೂತು ಮಾಸ್ಕನ್ನು ಓರೆ ಮಾಡಿದ್ದವು. ತುರುಬು ಕಟ್ಟುವ ನಾನೇ ಅದನ್ನು ಗಮನಿಸಲಿಲ್ಲ. ಅವಳ ಮುಖವನ್ನೇ ನಾನು ನೋಡಿರಲಿಲ್ಲ ಅಲ್ವಾ, ನೋಡಿದ್ದು ಪಟ್ಟಿಯನ್ನು. ನಿಜವಾದ ದಾಳಿ ಆಗಿದ್ದರೆ ಆ ಮಗು ಉಳಿಯುತ್ತಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ನಮ್ಮಮ್ಮ ಹಾಸನದಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ವರ್ಷಗಟ್ಟಲೆ ಬರುತ್ತಿದ್ದ ಗಿರಾಕಿ ಆದರೂ ಪುಸ್ತಕದಲ್ಲಿರುವ ಹಳೇ ಅಳತೆಗೆ ಬಟ್ಟೆ ಕತ್ತರಿಸಿದವರಲ್ಲ. 'ಬನ್ನಿ, ಇನ್ನೊಂದ್ಸಲ ಟೇಪ್ ಹಿಡೀತೀನಿ' ಅನ್ನುತ್ತಿದ್ದರು.

ಮುಂದಿನ ಅಭ್ಯಾಸದಿಂದ ನಾನು ಸಾಲನ್ನೇ ಬದಲಾಯಿಸಿದೆ. ಚೀಲ ಕೊಡುವ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿಸಿದೆ. ಅಲ್ಲಿ ಎಲ್ಲರೂ ಮಾಸ್ಕ್ ಹಾಕಬೇಕು, ತುರುಬು ಕೆಳಗಿಳಿಸಬೇಕು, ಅಂಗೈ ಒತ್ತಿ ಉಸಿರೆಳೆದು ತೋರಿಸಬೇಕು. ಸೋರಿದರೆ ಯಂತ್ರದಲ್ಲಿ ಮತ್ತೆ ಅಳತೆ ಪರೀಕ್ಷೆಗೆ ಕಳಿಸುತ್ತಿದ್ದೆ. ಕನ್ನಡಕದವರಿಗೆ ಮಾಸ್ಕಿನೊಳಗೆ ಕೂರಿಸುವ ಲೆನ್ಸ್ ಇದೆಯಾ ಅಂತ ಕೇಳುತ್ತಿದ್ದೆ, ಕನ್ನಡಕದ ಕಡ್ಡಿ ರಬ್ಬರಿನ ಅಂಚಿಗೆ ಸಿಕ್ಕರೆ ಸೋರೋದು ಖಂಡಿತ. ಮೇಲುಬೂಟನ್ನು ಮಾಮೂಲಿ ಬೂಟಿನ ಮೇಲೇ ಹಾಕಿಸಿ ನಾಲ್ಕು ಹೆಜ್ಜೆ ನಡೆಸುತ್ತಿದ್ದೆ. ರಬ್ಬರ್ ಕೈಗವಸು ಮೂರು ದಪ್ಪದಲ್ಲಿ ಬರುತ್ತದೆ. ನರ್ಸುಗಳಿಗೆ, ಸಣ್ಣ ಸ್ಕ್ರೂ ತಿರುಗಿಸುವ ಮೆಕ್ಯಾನಿಕ್‌ಗಳಿಗೆ ತೆಳುವಾದದ್ದೇ ಬೇಕು, ದಪ್ಪದ್ದು ಕೊಟ್ಟರೆ ಅದನ್ನು ಬಿಚ್ಚಿಟ್ಟು ಕೆಲಸ ಮಾಡುತ್ತಾರೆ. ಒಳಗೆ ಹಾಕುವ ಹತ್ತಿ ಗವಸು ಮರೆತರೆ ಬೆವರಿಗೆ ಬೆರಳು ಜಾರುತ್ತದೆ.

ಸಾಲು ನಿಧಾನವಾಯಿತು. ಮೇಲಿನವರು ಒಬ್ಬರು ಬಂದು, ಯಾಕೆ ಇಷ್ಟು ಹೊತ್ತು ಅಂತ ಕೇಳಿದರು. ಅವರಿಗೂ ಮಾಸ್ಕ್ ಹಾಕಿಸಿ ಉಸಿರೆಳೆಸಿದೆ. ಅವರದ್ದೂ ಸೋರಿತು. ಬೇರೆ ಸೈಜ್ ತೆಗೆದುಕೊಂಡು ಹೋದರು, ಮತ್ತೆ ಕೇಳಲಿಲ್ಲ.