ಅಡಿಕೆ ಮಂಡಿಯ ಕೆಲಸದ ಜೊತೆಗೆ ಎಂಬಿಎ: ನಾನು ಪೇಪರ್‌ಗಳನ್ನು ಹೊಂದಿಸಿಕೊಂಡ ಬಗೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬಿಕಾಂ ಮುಗಿಸಿ ಒಂಬತ್ತು ವರ್ಷ ಆದ ಮೇಲೆ, 2022ರ ಜುಲೈನಲ್ಲಿ ಇಗ್ನೋ (ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಬಿಎಗೆ ಸೇರಿದೆ. ಆಗ ಮಗನಿಗೆ ನಾಲ್ಕು ವರ್ಷ. ಕೊನೆಯ ಪರೀಕ್ಷೆ ಬರೆದದ್ದು 2025ರ ಡಿಸೆಂಬರ್‌ನಲ್ಲಿ. ಮೊನ್ನೆ ಪಕ್ಕದ ಮಂಡಿಯಲ್ಲಿ ಕೆಲಸ ಮಾಡುವ ಹುಡುಗಿ ಬಂದು, "ಅಕ್ಕಾ, ಎಷ್ಟು ಪೇಪರ್ ಇರುತ್ತೆ? ಕೆಲಸ ಮಾಡ್ಕೊಂಡು ಆಗುತ್ತಾ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರೆಗ್ಯುಲರ್ ಎಂಬಿಎ ಬಗ್ಗೆಯೂ ಯೋಚಿಸಿದ್ದೆ. ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಹತ್ತಿರವೇ ಇದೆ. ಆದರೆ ದಿನಾ ತರಗತಿಗೆ ಹೋಗಿ ಹಾಜರಿ ತುಂಬಿಸಬೇಕು, ಅಂದರೆ ಸಂಬಳ ಬಿಡಬೇಕು. ಅದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಇಗ್ನೋದಲ್ಲಿ ಪ್ರವೇಶ ಪರೀಕ್ಷೆ ಇರಲಿಲ್ಲ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 50%, ಮೀಸಲಾತಿ ಇರುವವರಿಗೆ 45% ಅಂಕ ಇದ್ದರೆ ಸಾಕಿತ್ತು. ನನಗೆ ಅಷ್ಟು ಇತ್ತು.

ಸೇರುವಾಗ ಎಲ್ಲರೂ ನೋಡುವುದು "ಎರಡು ವರ್ಷದ ಕೋರ್ಸ್" ಅನ್ನುವ ಸಾಲು. ನೀವು ನೋಡಬೇಕಾದದ್ದು ಕ್ರೆಡಿಟ್. ಎಂಬಿಎಗೆ ಒಟ್ಟು 116 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು ಅಂತ ಇಗ್ನೋದವರೇ ಲೆಕ್ಕ ಹಾಕಿದ್ದಾರೆ. ಒಂದು ಪೇಪರ್‌ಗೆ 4 ಕ್ರೆಡಿಟ್, ಅಲ್ಲಿಗೆ 120 ಗಂಟೆ. ಇಡೀ ಕೋರ್ಸಿಗೆ 3,480 ಗಂಟೆ. ಎರಡೇ ವರ್ಷದಲ್ಲಿ ಮುಗಿಸುತ್ತೇನೆ ಅಂದರೆ ವಾರಕ್ಕೆ 33 ಗಂಟೆಗೂ ಜಾಸ್ತಿ ಆಯಿತು. ಅದು ಇನ್ನೊಂದು ನೌಕರಿಯೇ, ಅಲ್ವಾ? ಆದರೆ ಮುಗಿಸಲು ನಾಲ್ಕು ವರ್ಷದವರೆಗೆ ಅವಕಾಶ ಇದೆ. ನಾಲ್ಕು ವರ್ಷಕ್ಕೆ ಹಂಚಿದರೆ ವಾರಕ್ಕೆ 17 ಗಂಟೆ ಹತ್ತಿರ. ಬೆಳಿಗ್ಗೆ ಐದಕ್ಕೆ ಮುಂಚೆ ಎದ್ದು ಆರೂವರೆವರೆಗೆ, ಭಾನುವಾರ ನನ್ನ ಮಗನನ್ನು ಅತ್ತೆ ನೋಡಿಕೊಂಡಷ್ಟು ಹೊತ್ತು. ಅಷ್ಟು ನನ್ನ ಕೈಲಿ ಆಗುತ್ತಿತ್ತು.

ಇದರಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಸೆಮಿಸ್ಟರ್ ಸೆಮಿಸ್ಟರ್‌ಗೂ ಫೀಸು ಕಟ್ಟಿ ಹೆಸರು ನೋಂದಾಯಿಸಬೇಕು ನಿಜ. ಆದರೆ ಆ ಸೆಮಿಸ್ಟರಿನ ಏಳೂ ಪೇಪರನ್ನು ಅದೇ ಪರೀಕ್ಷೆಯಲ್ಲಿ ಬರೆಯಲೇಬೇಕು ಅಂತಿಲ್ಲ. ಜೂನ್, ಡಿಸೆಂಬರ್ ಎರಡೂ ಬಾರಿ ಪರೀಕ್ಷೆ ಇರುತ್ತದೆ, ಎಷ್ಟು ಆಗುತ್ತದೋ ಅಷ್ಟಕ್ಕೆ ಪರೀಕ್ಷಾ ಶುಲ್ಕ ಕಟ್ಟಿದರೆ ಆಯಿತು.

ಹಾಗಾಗಿ ನಾನು ಮಂಡಿಯ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತೆ. ಮಲೆನಾಡಿನಲ್ಲಿ ಅಡಿಕೆ ಗೊನೆಗಳ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಅಡಿಕೆ ಚೀಲಗಳು ಬರಲು ಶುರುವಾದರೆ ಬೇಸಿಗೆಯವರೆಗೆ ನಮಗೆ ತಲೆ ಎತ್ತಲು ಬಿಡುವಿಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆ. ಅಂದರೆ ಡಿಸೆಂಬರ್ ಪರೀಕ್ಷೆಗೆ ಓದಲು ಜುಲೈನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಸಮಯ ಸಿಗುತ್ತದೆ, ಜೂನ್ ಪರೀಕ್ಷೆಗೆ ಸಿಗುವುದಿಲ್ಲ. ಡಿಸೆಂಬರ್‌ಗೆ ಐದು ಪೇಪರ್, ಜೂನ್‌ಗೆ ಮೂರು ಅಂತ ಗೆರೆ ಹಾಕಿಕೊಂಡೆ. ಲೆಕ್ಕದ ಪೇಪರ್‌ಗಳೆಲ್ಲ ಡಿಸೆಂಬರ್ ಕಡೆಗೆ. ಓದಿ ನೆನಪಿಟ್ಟುಕೊಂಡು ಬರೆಯುವ ಮಾನವ ಸಂಪನ್ಮೂಲ, ಬಿಸಿನೆಸ್ ಕಮ್ಯುನಿಕೇಷನ್ ಥರದವು ಜೂನ್ ಕಡೆಗೆ. ನಿಮ್ಮದು ಶಾಲೆಯ ಕೆಲಸವಾದರೆ ಬೇರೆ ಕ್ಯಾಲೆಂಡರ್, ಬ್ಯಾಂಕಿನಲ್ಲಿದ್ದರೆ ಮಾರ್ಚ್ ತಿಂಗಳು ಕಳೆದುಬಿಡಿ. ಈ ಲೆಕ್ಕವನ್ನು ಫೀಸು ಕಟ್ಟುವ ಮುಂಚೆ ಮಾಡಿ.

ಅಂಕದ ವಿಚಾರ. ಪರೀಕ್ಷೆಗೆ 70%, ಅಸೈನ್‌ಮೆಂಟ್‌ಗೆ 30%. ಅಸೈನ್‌ಮೆಂಟ್ ಕೈಬರಹದಲ್ಲೇ ಬರೆಯಬೇಕು. ಅದನ್ನು ಕೊಡದೆ ಪರೀಕ್ಷೆಗೆ ಕೂತು ಪ್ರಯೋಜನವಿಲ್ಲ. ಮೊದಲ ಸಲವೇ ನಾನು ಒಂದು ತಪ್ಪು ಮಾಡಿದೆ. ಪರಿಚಯದವರೊಬ್ಬರು ಕೊಟ್ಟ ಪ್ರಶ್ನೆಗಳಿಗೆ ಉತ್ತರ ಬರೆದು, ನಾಲ್ಕು ಪೇಪರಿನದ್ದು ಹೊಲಿದು ಇಟ್ಟಿದ್ದೆ. ಕೊಡುವ ಹಿಂದಿನ ವಾರ ಸುಮ್ನೆ ಮೊದಲ ಪುಟ ನೋಡಿದರೆ, ಪೇಪರ್ ಕೋಡ್‌ನ ಪಕ್ಕ ಜನವರಿ ಅಂತ ಇದೆ. ನನ್ನದು ಜುಲೈ ಬ್ಯಾಚ್. ಪ್ರಶ್ನೆಗಳೇ ಬೇರೆ. ಎಂಟು ರಾತ್ರಿ ಕೂತು ಎಲ್ಲವನ್ನೂ ಮತ್ತೆ ಬರೆದೆ, ಬೆರಳಿನ ಗೆಣ್ಣು ಊದಿಕೊಂಡಿತ್ತು. ಆಮೇಲಿಂದ ಪ್ರಶ್ನೆ ಪ್ರಿಂಟ್ ತೆಗೆದ ತಕ್ಷಣ ಬ್ಯಾಚಿನ ತಿಂಗಳು, ವರ್ಷದ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದ ಮೇಲೆಯೇ ಬರೆಯಲು ಕೂರುವುದು. ಇನ್ನೊಂದು, ಕೊಟ್ಟದ್ದಕ್ಕೆ ಸಹಿ ಮಾಡಿದ ರಸೀದಿ ಇಸ್ಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ. ಅಂಕ ಗ್ರೇಡ್ ಕಾರ್ಡಿನಲ್ಲಿ ಕಾಣಿಸುವವರೆಗೆ ಅದನ್ನು ಅಳಿಸಬೇಡಿ.

ನಾನು ಬಿಕಾಂ ಬರೆದದ್ದು ಕನ್ನಡದಲ್ಲಿ. ಎಂಬಿಎ ಪುಸ್ತಕಗಳು ಇಂಗ್ಲಿಷಿನಲ್ಲಿ, ನಾನು ಉತ್ತರ ಬರೆಯಬೇಕಾದದ್ದೂ ಇಂಗ್ಲಿಷಿನಲ್ಲೇ. ನನ್ನ ಹಾಗೆ ಹೆದರುವವರು ತುಂಬಾ ಜನ ಇದ್ದಾರೆ, ಅದಕ್ಕೆ ಹೇಳುತ್ತೇನೆ. ನೂರು ಪುಟದ ಒಂದು ನೋಟ್‌ಬುಕ್ ಮಾಡಿದೆ. ಎಡಕ್ಕೆ ಪುಸ್ತಕದ ಪದ, ಬಲಕ್ಕೆ ನನಗೆ ಗೊತ್ತಿದ್ದ ಪದ. ಕರೆಂಟ್ ಅಸೆಟ್ಸ್, ಚಾಲ್ತಿ ಆಸ್ತಿ. ವರ್ಕಿಂಗ್ ಕ್ಯಾಪಿಟಲ್, ದುಡಿಯುವ ಬಂಡವಾಳ. ಆ ಪದ ನೋಡಿದಾಗ ವಿಷಯ ಅರ್ಧ ತಿಳಿದುಬಿಟ್ಟಿತು. ಬೀರುವಿನಲ್ಲಿ ಕೂತ ದುಡ್ಡಲ್ಲ, ಮಂಡಿಯಲ್ಲಿ ದಿನಾ ಓಡಾಡಿ ದುಡಿಯುವ ದುಡ್ಡು. ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬರೆದೆ. ಪಾಸಾದೆ.

ಕಷ್ಟ ಕೊಟ್ಟದ್ದು ಸಂಖ್ಯಾಶಾಸ್ತ್ರದ ಪೇಪರ್, ಎಂಎಂಪಿಸಿ-005. ಪುಸ್ತಕದ ಉದಾಹರಣೆಗಳು ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ದಿನಪತ್ರಿಕೆಯಲ್ಲಿ ಬರುವ, 'ರಾಶಿ' ಅನ್ನುವ ದರ್ಜೆಯ ಅಡಿಕೆಯ ಧಾರಣೆಯನ್ನು ಮೂವತ್ತು ದಿನದ್ದು ಬರೆದುಕೊಂಡು ಸರಾಸರಿ ತೆಗೆದೆ, ದಿನದಿನದ ವ್ಯತ್ಯಾಸ ತೆಗೆದೆ, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಧಾರಣೆ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಳತೆ) ತೆಗೆದೆ. ಆಮೇಲೆ 'ಬೆಟ್ಟೆ' ಅನ್ನುವ ಇನ್ನೊಂದು ದರ್ಜೆಯ ಅಡಿಕೆಗೂ ಹಾಗೇ ಮಾಡಿ, ಯಾವುದರ ಧಾರಣೆ ಜಾಸ್ತಿ ಏರಿಳಿಯುತ್ತದೆ ಅಂತ ಹೋಲಿಸಿದೆ. ಅಲ್ಲಿಂದ ಆ ಪೇಪರ್ ನನ್ನದಾಯಿತು.

ಮೊದಲ ವರ್ಷ ಎಲ್ಲರಿಗೂ ಒಂದೇ ಪೇಪರ್‌ಗಳು. ಮೂರನೇ ಸೆಮಿಸ್ಟರಿಗೆ ಹಣಕಾಸು, ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಆಪರೇಷನ್ಸ್ ಮುಂತಾದವುಗಳಲ್ಲಿ ಒಂದನ್ನು ಆರಿಸಬೇಕು. ಯಾವುದರಲ್ಲಿ ಅಂಕ ಸುಲಭ ಅಂತ ಕೇಳಿಕೊಂಡು ಆರಿಸುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ನೀವು ದಿನಾ ಕೂರುವ ಮೇಜಿಗೆ ಬೇಕಾದದ್ದನ್ನು ಆರಿಸಿ. ನಾನು ಹಣಕಾಸು ತೆಗೆದುಕೊಂಡೆ, ಅದರಲ್ಲಿ ದುಡಿಯುವ ಬಂಡವಾಳದ್ದೇ ಒಂದು ಪೂರ್ತಿ ಪೇಪರ್ ಇದೆ.

ಪ್ರಾಜೆಕ್ಟೂ ಅದರ ಮೇಲೆಯೇ. ನಮ್ಮಲ್ಲಿ ಖಾಯಂ ರೈತರಿಗೆ ಮಳೆಗಾಲದಲ್ಲಿ ಬಡ್ಡಿಯಿಲ್ಲದೆ ಮುಂಗಡ ಕೊಡುವ ರೂಢಿ ಇದೆ. ಮಾಲು ಬಂದಾಗ ಮುರಿದುಕೊಳ್ಳುವುದು. ಖಾತೆ ಪುಸ್ತಕದಿಂದ ಒಂದು ಎಂಟ್ರಿ ತೆಗೆದು ನೋಡಿದೆ. ಆಗಸ್ಟ್ 10ಕ್ಕೆ ಒಂದು ಲಕ್ಷ ಕೊಟ್ಟಿದೆ. ಮಾಲು ಬಂದದ್ದು ಜನವರಿ 25ಕ್ಕೆ, 168 ದಿನ. ಕೊಂಡ ವ್ಯಾಪಾರಿ ದುಡ್ಡು ಕೊಟ್ಟದ್ದು ಇನ್ನೂ 30 ದಿನ ಬಿಟ್ಟು. ಒಟ್ಟು 198 ದಿನ ನಮ್ಮ ದುಡ್ಡು ಹೊರಗೆ. ವರ್ಷಕ್ಕೆ 12% ಬಡ್ಡಿ ಹಿಡಿದರೂ 6,510 ರೂಪಾಯಿ. ಅದನ್ನು ಆ ರೈತರ ಮಾಲಿನಿಂದ ನಮಗೆ ಬಂದ ಕಮಿಷನ್ ಪಕ್ಕದಲ್ಲಿಟ್ಟು ಸಾಹುಕಾರರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಎಲ್ಲರದ್ದೂ ಹೀಗೆ ತೆಗಿಯಮ್ಮ" ಅಂದರು. ಮುಂಗಡ ನಿಲ್ಲಿಸಬೇಕು ಅಂತ ನಾನು ಬರೆಯಲಿಲ್ಲ, ಆ ನಂಬಿಕೆಯ ಮೇಲೆಯೇ ಮಂಡಿ ನಡೆಯುವುದು. ವ್ಯಾಪಾರಿಗಳಿಂದ ಬೇಗ ವಸೂಲಿ ಮಾಡಿದರೆ ಎಷ್ಟು ಉಳಿಯುತ್ತದೆ ಅಂತ ಬರೆದೆ. ಈಗ ನಮ್ಮ ಖಾತೆಯಲ್ಲಿ ದಿನದ ಲೆಕ್ಕಕ್ಕೆ ಒಂದು ಕಾಲಂ ಇದೆ.

ಪ್ರಾಜೆಕ್ಟಿಗೆ ಮೊದಲು ಸಾರಾಂಶ ಬರೆದು, ಗೈಡ್ ಸಹಿ ಮಾಡಿದ ಅವರ ಬಯೋಡೇಟಾ ಜೊತೆಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬರಲು ಸಮಯ ಹಿಡಿಯುತ್ತದೆ. ಗೈಡ್ ಆಗಲು ಒಪ್ಪುವ ಮೇಷ್ಟ್ರನ್ನು ಮೂರನೇ ಸೆಮಿಸ್ಟರ್‌ನಲ್ಲೇ ಹುಡುಕಿಟ್ಟುಕೊಳ್ಳಿ. ನಾನು ಮೂವರನ್ನು ಕೇಳಿದ ಮೇಲೆ ಒಬ್ಬರು ಒಪ್ಪಿದರು. ಪಕ್ಕದ ಮಂಡಿಯ ಆ ಹುಡುಗಿಗೂ ಅವರ ಹತ್ತಿರವೇ ಮಾತಾಡುತ್ತೇನೆ ಅಂದಿದ್ದೇನೆ.