ಶ್ರವಣದೋಷವಿರುವ ಮಗುವಿಗೆ ಬೇರೆಯವರ ಮನಸ್ಸು ಊಹಿಸಲು ಕಲಿಸುವ ಬಗೆ

ಕಾಸರಗೋಡಿನ ಮನೆಗಳಲ್ಲಿ ಈ ಮಕ್ಕಳ ಜೊತೆ ಕೂತಾಗ ನಾನು ಹೆಚ್ಚು ಹೊತ್ತು ಕೊಡುವುದು ಇನ್ನೊಬ್ಬರು ಏನು ಅಂದುಕೊಂಡಿದ್ದಾರೆ ಎಂದು ಊಹಿಸುವ ಆಟಕ್ಕೆ. ಕಿವುಡ ತಂದೆತಾಯಿಯ ಮಡಿಲಲ್ಲಿ ಹುಟ್ಟಿನಿಂದಲೇ ಸಂಜ್ಞಾಭಾಷೆ ಕಂಡ ಕಿವುಡ ಮಕ್ಕಳು ಇದನ್ನು ಕಿವಿ ಕೇಳುವ ಮಕ್ಕಳ ವಯಸ್ಸಿಗೇ ಕಲಿಯುತ್ತಾರೆ. ಹಾಗಾಗಿ ಉಳಿದ ಕಿವುಡ ಮಕ್ಕಳಿಗೆ ಇದು ತಡವಾದರೆ ಬುದ್ಧಿಯ ಕೊರತೆ ಕಾರಣ ಎನ್ನಬಾರದು. ‘ಅಜ್ಜ ಮರೆತರು’, ‘ಅಕ್ಕನಿಗೆ ಗೊತ್ತಿಲ್ಲ’ ಎಂಬ ಮಾತುಗಳು ಅಂಥ ಮಗುವನ್ನು ಮುಟ್ಟಿರುವುದಿಲ್ಲ, ಅಷ್ಟೆ.

ಮೊದಲು ಯಂತ್ರ ನೋಡಬೇಕು. ಹಿಯರಿಂಗ್ ಏಡ್‌ನ ಹೊಸ ಬ್ಯಾಟರಿಯ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಬಾಯಿ ಕಾಣದಂತೆ ಆ, ಈ, ಊ, ಮ್, ಶ್, ಸ್ ಹೇಳಿ. ನಿನ್ನೆ ಕೇಳಿದ ಸದ್ದು ಇವತ್ತು ಕೇಳದಿದ್ದರೆ ಆಟ ಬೇಡ. ಆಟಿ ತಿಂಗಳ ಮಳೆಯಲ್ಲಿ ಯಂತ್ರದ ಕೊಳವೆಗೆ ತೇವ ಕೂರುತ್ತದೆ, ರಾತ್ರಿ ಅದನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ನಾಲ್ಕು ದಾಟಿದ ಮಗುವಿಗೆ ಬಿಸ್ಕೆಟ್ ಪ್ಯಾಕೆಟ್ ತೋರಿಸಿ ‘ಏನಿದೆ?’ ಎಂದು ಕೇಳುತ್ತೇನೆ. ‘ಬಿಸ್ಕೆಟ್’ ಅನ್ನುತ್ತದೆ. ತೆರೆದರೆ ಒಳಗೆ ಹಲಸಿನ ಬೀಜ. ಮುಚ್ಚಿಟ್ಟು, ‘ಅಣ್ಣ ಇದನ್ನು ನೋಡಿಲ್ಲ. ಅಣ್ಣ ಏನಿದೆ ಅಂದುಕೊಳ್ಳುತ್ತಾನೆ?’ ಎನ್ನುತ್ತೇನೆ. ಮಗು ‘ಬೀಜ’ ಎಂದರೆ ತಿದ್ದುವುದಿಲ್ಲ. ‘ನಿಜವಾಗಿ ಏನಿದೆ?’ ಎಂದೂ ಕೇಳಿ ನೋಡುತ್ತೇನೆ. ಅದಕ್ಕೂ ತಪ್ಪು ಹೇಳಿದರೆ ಮಗುವಿಗೆ ಪ್ರಶ್ನೆಯೇ ತಿಳಿದಿಲ್ಲ. ಆಮೇಲೆ ಅಣ್ಣನನ್ನು ಕರೆದು ಅವನ ಬಾಯಿಂದಲೇ ‘ಬಿಸ್ಕೆಟ್’ ಹೇಳಿಸಿ, ಕಾಗದದಲ್ಲಿ ಅವನ ಚಿತ್ರ ಬರೆದು, ತಲೆಯ ಮೇಲೊಂದು ಯೋಚನೆಯ ಗುಳ್ಳೆ ಬಿಡಿಸಿ ಅದರೊಳಗೆ ಬಿಸ್ಕೆಟ್ ಚಿತ್ರ ಬರೆಯುತ್ತೇನೆ. ಕಣ್ಣಿಗೆ ಕಾಣದ ಯೋಚನೆ ಕಾಗದದ ಮೇಲೆ ಕಂಡಾಗ ಮಗುವಿಗೆ ದಾರಿ ಸಿಗುತ್ತದೆ.

ಆಟ ಹೆಚ್ಚಾಗಿ ಕೆಡುವುದು ದೊಡ್ಡವರ ಅವಸರದಿಂದ. ಮಗು ಪ್ಯಾಕೆಟ್ ನೋಡುತ್ತಿರುವಾಗಲೇ ಮಾತಾಡಿದರೆ ತುಟಿಯೂ ಸಂಜ್ಞೆಯೂ ಅದಕ್ಕೆ ಕಾಣುವುದಿಲ್ಲ. ವಸ್ತು ನೋಡಲಿ, ಕಣ್ಣೆತ್ತಲಿ, ಆಮೇಲೆ ಹೇಳಿ.

ಭಾಷೆಯ ವಿಷಯದಲ್ಲಿ ನಾನು ಹಟಮಾರಿ. ಮನೆಯಲ್ಲಿ ತುಳುವೋ ಕನ್ನಡವೋ, ಅಂಗನವಾಡಿಯಲ್ಲಿ ಮಲಯಾಳ. ಅಮ್ಮನಿಗೆ ಒಗ್ಗದ ಭಾಷೆ ಹೇರಿದರೆ ಅವರ ಮಾತು ‘ಬಾ, ತಿನ್ನು, ಕೂತ್ಕೋ’ಗೆ ಇಳಿಯುತ್ತದೆ, ‘ಅಂದುಕೊಂಡೆ’, ‘ನೆನಪಾಯ್ತು’ ಮೊದಲು ಮಾಯವಾಗುತ್ತವೆ. ಮಗು ಸಂಜ್ಞೆ ಬಳಸುವುದಾದರೆ ಮನೆಯವರೆಲ್ಲ ಕಲಿಯಲೇಬೇಕು.

ಪ್ಯಾಕೆಟ್ ಆಟದಲ್ಲಿ ಸರಿ ಹೇಳಿದರೆ ಸಾಲದು, ಉತ್ತರ ಬಾಯಿಪಾಠವಾಗಿರಬಹುದು. ಅಪ್ಪನಿಗೆ ಕಾಣದಂತೆ ಅವರ ಚಪ್ಪಲಿಯನ್ನು ಜಗಲಿಯಿಂದ ಹಿತ್ತಿಲಿಗೆ ಸಾಗಿಸಿ, ‘ಅಪ್ಪ ಮೊದಲು ಎಲ್ಲಿ ಹುಡುಕುತ್ತಾರೆ?’ ಎಂದು ಕೇಳಿ.