ಮದುವೆ ವಿಡಿಯೊ ಪ್ರಾಜೆಕ್ಟಿನಿಂದ ಬಳಕೆಯಾಗದ ಫೈಲುಗಳನ್ನು ತೆಗೆಯುವುದು: ನನ್ನ ಅನುಭವ

ವಿರಾಜಪೇಟೆಯ ಸುತ್ತಮುತ್ತ ಮದುವೆಗಳ ಚಿತ್ರೀಕರಣ ಮತ್ತು ಸಂಕಲನ ನನ್ನ ವೃತ್ತಿ. ಎರಡು ದಿನದ ಕೊಡವ ಮದುವೆಯೊಂದನ್ನು ಎರಡು ಕ್ಯಾಮೆರಾಗಳಲ್ಲಿ 4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದರೆ ಒಂದೊಂದು ಗಂಟೆಯ ಫೂಟೇಜಿಗೆ 45 ಜಿಬಿ ತುಂಬುತ್ತದೆ. ಎಂಟೂವರೆ ಗಂಟೆಯ ಫೂಟೇಜ್ ಎಂದರೆ 380 ಜಿಬಿ ದಾಟಿತು. ಕೊನೆಗೆ ಮನೆಯವರ ಕೈ ಸೇರುವುದು ಎರಡು ಗಂಟೆಯ ಚಿತ್ರ. ಎಲ್ಲವನ್ನೂ ಕ್ಲೌಡ್‌ಗೆ ಏರಿಸಿ ನಿಶ್ಚಿಂತೆಯಿಂದ ಇರಬಹುದಲ್ಲ ಎಂದು ಕೆಲವರು ಹೇಳುತ್ತಾರೆ. 20 ಮೆಗಾಬಿಟ್ ವೇಗ ಸಿಕ್ಕರೂ ಇಷ್ಟನ್ನು ಕಳುಹಿಸಲು ತಡೆಯಿಲ್ಲದ 42 ಗಂಟೆ ಬೇಕು, ಆದರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗುವ ನಮ್ಮ ಕಡೆ ನಾಲ್ಕು ಗಂಟೆ ಎಡೆಬಿಡದೆ ಕರೆಂಟ್ ಇದ್ದರೆ ಅದೇ ದೊಡ್ಡದು. ಆದ್ದರಿಂದ ಹಾರ್ಡ್ ಡಿಸ್ಕೇ ನಮಗೆ ಗತಿ, ಡಿಸ್ಕ್ ತುಂಬಿದಾಗ ಬೇಡದ್ದನ್ನು ತೆಗೆಯುವುದು ಅನಿವಾರ್ಯ.

ಈ ಕೆಲಸವನ್ನು ನಾನು ಮೊದಲು ಅವಸರದಲ್ಲಿ ಮಾಡಿ ಪೆಟ್ಟು ತಿಂದೆ. ನನ್ನ ಎರಡೂ ಕ್ಯಾಮೆರಾಗಳು ಒಂದೇ ಬಗೆಯವು. ಕಾರ್ಡ್ ಫಾರ್ಮ್ಯಾಟ್ ಮಾಡಿದ ಮೇಲೆ ಎರಡರಲ್ಲೂ ಫೈಲುಗಳ ಹೆಸರು ಸಿ0001 ಎಂದೇ ಆರಂಭವಾಗುತ್ತಿತ್ತು. ಒಮ್ಮೆ ಫೂಟೇಜನ್ನು ಬೇರೆ ಡಿಸ್ಕಿಗೆ ಸರಿಸಿದ ಮೇಲೆ ಪ್ರಾಜೆಕ್ಟ್ (ಫೂಟೇಜ್ ಅಲ್ಲ, ಅದರ ಕೊಂಡಿಗಳೂ ಸಂಕಲನದ ವಿವರಗಳೂ ಮಾತ್ರ ಇರುವ ಫೈಲು) ತೆರೆದಾಗ, ಫೈಲುಗಳು ಎಲ್ಲಿವೆ ಎಂದು ತಂತ್ರಾಂಶ ಕೇಳಿತು. ನಾನು ಗಮನಿಸದೆ ಎರಡನೆಯ ಕ್ಯಾಮೆರಾದ ಫೋಲ್ಡರನ್ನು ತೋರಿಸಿಬಿಟ್ಟೆ. ಮೊದಲ ಕ್ಯಾಮೆರಾದ ಸಿ0023 ಇರಬೇಕಾದ ಜಾಗಕ್ಕೆ ಎರಡನೆಯದರ ಸಿ0023 ಬಂದು ಕುಳಿತಿತು. ಆಮೇಲೆ ಪ್ರಾಜೆಕ್ಟಿಗೂ ಡಿಸ್ಕಿಗೂ ತಾಳೆ ನೋಡುತ್ತ ಹೋದಾಗ ನಿಜವಾಗಿ ಬೇಕಾಗಿದ್ದ ಫೈಲೇ ಬಳಕೆಯಲ್ಲಿಲ್ಲದಂತೆ ಕಂಡಿತು, ಅದನ್ನು ಅಳಿಸಿದೆ. ರಾತ್ರಿ ಚಿತ್ರವನ್ನು ಮೊದಲಿನಿಂದ ಓಡಿಸಿ ನೋಡಿದರೆ, ಗಂಗಾಪೂಜೆಯಲ್ಲಿ ಮದುಮಗಳು ನೀರಿನ ಬಿಂದಿಗೆ ಹೊತ್ತು ಹೆಜ್ಜೆಯಿಡುವಾಗ ವರನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿ ತಡೆಯುವ ದೃಶ್ಯದ ಜಾಗದಲ್ಲಿ ಊಟದ ಮನೆಯ ಎಲೆಗಳು, ಬಡಿಸುವವರ ಕೈಗಳು! ಸಂಕಲನದ ಡಿಸ್ಕ್ ಎಸ್‌ಎಸ್‌ಡಿ ಆಗಿತ್ತು. ಅಳಿಸಿದ ಫೈಲಿನ ಜಾಗವನ್ನು ಡಿಸ್ಕ್ ತಾನೇ ಖಾಲಿ ಮಾಡಿಬಿಡುವ ಟ್ರಿಮ್ ವ್ಯವಸ್ಥೆ ಇರುವ ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲನ್ನು ಮರಳಿ ಪಡೆಯುವ ಆಸೆ ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಕ್ಯಾಮೆರಾದ ಕಾರ್ಡನ್ನು ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲವಾದ್ದರಿಂದ ಆ ದೃಶ್ಯ ಉಳಿಯಿತು.

ಅಂದಿನಿಂದ ಕಾರ್ಡಿನಿಂದ ನಕಲು ಮಾಡಿದ ಕೂಡಲೇ, ಪ್ರಾಜೆಕ್ಟಿಗೆ ತರುವ ಮೊದಲೇ, ಪ್ರತಿ ಫೈಲಿನ ಹೆಸರಿನ ಮುಂದೆ ದಿನಾಂಕ ಮತ್ತು ಕ್ಯಾಮೆರಾದ ಗುರುತು ಸೇರಿಸುತ್ತೇನೆ. ಪ್ರಾಜೆಕ್ಟಿಗೆ ತಂದ ನಂತರ ಹೆಸರು ಬದಲಿಸಿದರೆ ಕೊಂಡಿ ಕಳಚುತ್ತದೆ.

ನಾನು ಬಳಸುವುದು ಪ್ರೀಮಿಯರ್ ಪ್ರೊ ಎಂಬ ಸಂಕಲನ ತಂತ್ರಾಂಶ. ಅದರ ಎಡಿಟ್ ಮೆನುವಿನಲ್ಲಿರುವ ರಿಮೂವ್ ಅನ್‌ಯೂಸ್ಡ್ ಆಯ್ಕೆ ಯಾವ ಸೀಕ್ವೆನ್ಸಿನಲ್ಲೂ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿದ ಟೈಮ್‌ಲೈನಿನಲ್ಲೂ) ಇಲ್ಲದ ಕ್ಲಿಪ್ಪುಗಳನ್ನು ಪ್ರಾಜೆಕ್ಟಿನಿಂದ ತೆಗೆಯುತ್ತದೆ. ಡಿಸ್ಕಿನಲ್ಲಿರುವ ಫೈಲನ್ನು ಮುಟ್ಟುವುದಿಲ್ಲ. ಹೊಸಬರು ಇದನ್ನು ಒತ್ತಿದ ಮೇಲೂ ಡಿಸ್ಕಿನಲ್ಲಿ ಒಂದು ಜಿಬಿ ಕೂಡ ಖಾಲಿಯಾಗಲಿಲ್ಲವೆಂದು ದೂರುತ್ತಾರೆ, ಆದರೆ ಹಾಗೆ ಇರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇದನ್ನು ಬಳಸುವ ಮೊದಲು ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಉಳಿಸಿ, ಆ ಪ್ರತಿಯಲ್ಲಿ ಹಳೆಯ ಸೀಕ್ವೆನ್ಸುಗಳನ್ನು ತೆಗೆದುಹಾಕಬೇಕು, ಏಕೆಂದರೆ ಕೈಬಿಟ್ಟ ಮೊದಲ ಕರಡು ಒಂದು ಉಳಿದಿದ್ದರೂ ಅದರಲ್ಲಿರುವ ಕ್ಲಿಪ್ಪುಗಳೆಲ್ಲ ಬಳಕೆಯಲ್ಲಿವೆ ಎಂದೇ ಲೆಕ್ಕ. ಇನ್ನೊಂದು ಎಚ್ಚರಿಕೆ ಧ್ವನಿಯದು. ವಾಲಗದವರ ಬಳಿ ಇಟ್ಟ ರೆಕಾರ್ಡರಿನ ಧ್ವನಿಯನ್ನು ಕ್ಯಾಮೆರಾದ ಕ್ಲಿಪ್ಪಿಗೆ ಸೇರಿಸಿ ಒಂದೇ ಕ್ಲಿಪ್ ಮಾಡಿಕೊಂಡಿದ್ದರೆ, ಮೂಲ ಧ್ವನಿಯ ಹೆಸರು ಬಿನ್ನಿನಿಂದ (ಪ್ರಾಜೆಕ್ಟಿನೊಳಗಿನ ಫೋಲ್ಡರಿನಿಂದ) ಹೋಗಬಹುದು, ಆದರೆ ಡಿಸ್ಕಿನಲ್ಲಿರುವ ಆ ಫೈಲು ಇನ್ನೂ ಬೇಕು. ಬಿನ್ನಿನಲ್ಲಿ ಕಾಣದ್ದೆಲ್ಲ ಡಿಸ್ಕಿನಲ್ಲಿ ಬೇಡದ್ದು ಎಂದು ತಿಳಿಯಬಾರದು.

ಹೀಗಾಗಿ ಈಗ ನಾನು ಬೇಡದ್ದನ್ನು ಹುಡುಕಿ ಅಳಿಸುವುದಿಲ್ಲ, ಬೇಕಾದ್ದನ್ನು ಬೇರೆ ಕಡೆಗೆ ನಕಲಿಸುತ್ತೇನೆ. ಅದೇ ತಂತ್ರಾಂಶದ ಪ್ರಾಜೆಕ್ಟ್ ಮ್ಯಾನೇಜರಿನಲ್ಲಿ ಫೈಲುಗಳನ್ನು ಒಟ್ಟುಗೂಡಿಸಿ ಹೊಸ ಜಾಗಕ್ಕೆ ನಕಲಿಸುವ ಆಯ್ಕೆಯನ್ನೂ ಬಳಕೆಯಾಗದ ಕ್ಲಿಪ್ಪುಗಳನ್ನು ಬಿಡುವ ಆಯ್ಕೆಯನ್ನೂ ಗುರುತಿಸಿ, ಖಾಲಿ ಡಿಸ್ಕಿಗೆ ಕಳುಹಿಸುತ್ತೇನೆ. ಚಲಿಸುವ ಶೀರ್ಷಿಕೆ ತಯಾರಿಸುವ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್‌ನಿಂದ ಜೋಡಿಸಿದ ಶೀರ್ಷಿಕೆಗಳೂ ಕನ್ನಡದ ಫಾಂಟುಗಳೂ ಇದರ ಜೊತೆ ಬರುವುದಿಲ್ಲವಾದ್ದರಿಂದ ಅವನ್ನು ಕೈಯಾರೆ ಸೇರಿಸುತ್ತೇನೆ. ನಂತರ ಹಳೆಯ ಡಿಸ್ಕಿನ ಕೇಬಲ್ ಕಿತ್ತು, ಹೊಸ ಪ್ರತಿಯನ್ನು ತೆರೆದು, ಚಿತ್ರವನ್ನು ಆದಿಯಿಂದ ಅಂತ್ಯದವರೆಗೆ ನೋಡುತ್ತೇನೆ. ಎರಡು ಗಂಟೆ ಹೋಗುತ್ತದೆ, ಹೋಗಲಿ. ಎಲ್ಲಿಯಾದರೂ ಮೀಡಿಯಾ ಆಫ್‌ಲೈನ್ ಎಂಬ ಕೆಂಪು ಪರದೆ ಬಂದರೆ, ಹಳೆಯ ಡಿಸ್ಕ್ ಇನ್ನೂ ಪಕ್ಕದಲ್ಲೇ ಇರುತ್ತದೆ.

ಜಾಗದ ಉಳಿತಾಯ ಎಣಿಸಿದಷ್ಟು ಆಗದಿರಲು ಒಂದು ಕಾರಣವಿದೆ. ಗಂಗಾಪೂಜೆಯನ್ನು ನಾನು 40 ನಿಮಿಷ ಒಂದೇ ಬೀಸಿನಲ್ಲಿ ತೆಗೆಯುತ್ತೇನೆ. ಅದು 30 ಜಿಬಿ. ಚಿತ್ರದಲ್ಲಿ ಬಳಸುವುದು ಆರು ನಿಮಿಷ. ನಮ್ಮ ಕ್ಯಾಮೆರಾಗಳ ಎಚ್.264 ಎಂಬ, ವಿಡಿಯೊವನ್ನು ಕುಗ್ಗಿಸಿ ಉಳಿಸುವ ಮಾದರಿಯ ಫೈಲಿನಲ್ಲಿ ಹೆಚ್ಚಿನ ಫ್ರೇಮುಗಳು ಅಕ್ಕಪಕ್ಕದ ಫ್ರೇಮುಗಳನ್ನು ಅವಲಂಬಿಸಿರುವುದರಿಂದ, ಬೇಕಾದಲ್ಲಿ ಕತ್ತರಿಸಿ ತುಂಡನ್ನಷ್ಟೇ ಹಾಗೆಯೇ ಎತ್ತಿಕೊಳ್ಳಲು ಬರುವುದಿಲ್ಲ, ಇಡೀ ಫೈಲೇ ನಕಲಾಗುತ್ತದೆ. ಆ ಆರು ನಿಮಿಷವನ್ನು ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಉಳಿಸುವ ಪ್ರೊರೆಸ್ 422 ಮಾದರಿಗೆ ಪರಿವರ್ತಿಸಿದರೆ ಸೆಕೆಂಡಿಗೆ ಸುಮಾರು 490 ಮೆಗಾಬಿಟ್‌ನಂತೆ 22 ಜಿಬಿ ಆಗುತ್ತದೆ. ಎಂಟು ಜಿಬಿಯ ಲಾಭಕ್ಕಾಗಿ ಉಳಿದ 34 ನಿಮಿಷ ಕಳೆದುಕೊಳ್ಳುವುದು ನನಗೆ ಸರಿಯೆನಿಸಲಿಲ್ಲ. ಊಟದ ಮನೆ, ಅತಿಥಿಗಳ ಆಗಮನ ಮುಂತಾದ ಕಡೆಗಳಲ್ಲಿ ಮಾತ್ರ ಈಗ ಸಣ್ಣ ಸಣ್ಣ ತುಣುಕುಗಳಾಗಿ ತೆಗೆಯುತ್ತೇನೆ.

ತಂತ್ರಾಂಶಕ್ಕೆ ತಿಳಿದಿರುವುದು ಟೈಮ್‌ಲೈನ್ ಮಾತ್ರ, ಚಿತ್ರದಲ್ಲಿರುವವರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ಒಂದು ಮದುವೆಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳ ಬೆನ್ನ ಹಿಂದೆ ನಿಂತು, ಕೊಡವ ಸೀರೆಯ ಹಿಂಬದಿಯ ನೆರಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಸರಿಪಡಿಸುತ್ತಿದ್ದರು. ಕ್ಯಾಮೆರಾ ಅಲುಗಾಡಿದ್ದರಿಂದ ಆ 40 ಸೆಕೆಂಡನ್ನು ನಾನು ಬಿಟ್ಟಿದ್ದೆ. ಚಿತ್ರ ನೋಡಿದ ಮದುಮಗಳು ಫೋನ್ ಮಾಡಿ, "ಅಣ್ಣಾ, ಅಜ್ಜಿ ನನ್ನ ಸೀರೆ ಸರಿ ಮಾಡ್ತಾ ಇದ್ದದ್ದು ನೀವು ತೆಗ್ದಿದ್ರಲ್ಲ, ಅದು ಇದ್ಯಾ?" ಎಂದು ಕೇಳಿದರು. ಇತ್ತು, ಕೊಟ್ಟೆ. ಈಗ ಬಳಕೆಯಾಗದ ಫೈಲುಗಳನ್ನು ಒಮ್ಮೆ ವೇಗವಾಗಿ ಓಡಿಸಿ, ಮನೆಯ ಹಿರಿಯರೂ ಮಕ್ಕಳೂ ಇರುವ ತುಣುಕುಗಳನ್ನು ಮುಖಗಳು ಎಂಬ ಫೋಲ್ಡರಿಗೆ ಹಾಕುತ್ತೇನೆ. ಅದು ಒಂದು ಮದುವೆಗೆ 20 ಜಿಬಿಗಿಂತ ಹೆಚ್ಚಾಗುವುದು ಅಪರೂಪ.

ಸಂಕಲನದ ವೇಳೆ ತಂತ್ರಾಂಶ ತಾನೇ ತಯಾರಿಸಿಕೊಳ್ಳುವ ಪ್ರಿವ್ಯೂ ಫೈಲುಗಳನ್ನೂ ಮೀಡಿಯಾ ಕ್ಯಾಶ್ ಅನ್ನೂ ಯೋಚಿಸದೆ ತೆಗೆಯಬಹುದು, ಬೇಕಾದರೆ ಮತ್ತೆ ತಯಾರಾಗುತ್ತವೆ. ಮೂಲ ಫೂಟೇಜನ್ನು ಮಾತ್ರ ಚಿತ್ರ ಕೊಟ್ಟ ದಿನದಿಂದ ಆರು ತಿಂಗಳು ಇಟ್ಟು, ಮನೆಯವರಿಗೆ ಫೋನ್ ಮಾಡಿ ತಿಳಿಸಿದ ನಂತರವೇ ಅಳಿಸುತ್ತೇನೆ. ಆ ತಾರೀಖನ್ನು ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತೇನೆ.